ಒಂಬತ್ತು ಸಾವಿರದ ಎಂಟುನೂರ ಅರವತ್ತು ಹೆಜ್ಜೆ

ತಕ್ಕಡಿಯಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಕಿಲೋಗೆ ಮೂವತ್ತು ಗ್ರಾಂ ನುಂಗುವ ತಕ್ಕಡಿಯನ್ನು ಕಂಡೂ ಕೋಪ ಬಾರದವರು ತಕ್ಕಡಿ ರಿಪೇರಿಗೆ ಕೂರಬಾರದು. ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಅವಳು ಕೂತು ಇಪ್ಪತ್ತಮೂರು ವರ್ಷವಾಯಿತು. ಸೈಕಲ್ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಎರಡು ಮಾರು ಅಗಲದ ಜಾಗ. ಗೋಡೆಗೆ ನೇತುಹಾಕಿದ ದಂಡಗಳು, ಹಲಗೆಯ ಮೇಲೆ ತಟ್ಟೆಗಳು, ಡಬ್ಬಿಯಲ್ಲಿ ಸೀಸದ ತುಂಡುಗಳು, ಕೈಗೆಟಕುವಲ್ಲಿ ನಾಲ್ಕು ಅರ. ಈಗಿನ ಕರೆಂಟಿನ ತಕ್ಕಡಿಗಳನ್ನೂ ಬಿಚ್ಚುತ್ತಾಳೆ, ಬಿಚ್ಚುವಾಗ ಬೈಯುತ್ತಾಳೆ.

ಅಲ್ಲಿ ಅಪ್ಪನ ಕಾಲದ ಒಂದು ಪದ್ಧತಿಯಿದೆ. ತಕ್ಕಡಿ ತಂದವರು ಏನು ದೂರು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲು ಸರಕಾರಿ ಮುದ್ರೆ ಬಿದ್ದ ತನ್ನ ತೂಕದ ಕಲ್ಲನ್ನು ಅದರ ಮೇಲಿಡುತ್ತಾಳೆ. ಇಳಿಸಿ ಮತ್ತೆ ಇಡುತ್ತಾಳೆ. ಮತ್ತೊಂದು ಸಲ. ಮೂರು ಸಲ ಬಂದದ್ದನ್ನೂ ಚೀಟಿಯಲ್ಲಿ ಬರೆದ ಮೇಲೆಯೇ ಸ್ಕ್ರೂಡ್ರೈವರ್ ಕೈಗೆ. ಗೊತ್ತಿರುವುದನ್ನು ತೂಗಿ ನೋಡದೆ ಗೊತ್ತಿಲ್ಲದ್ದನ್ನು ತೂಗಬೇಡ ಎಂದು ಅಪ್ಪ ಹೇಳುತ್ತಿದ್ದ. ಕೆಲಸ ಮುಗಿದು ಅವಳ ಸಹಿ ಬಿತ್ತೆಂದರೆ ಮಾರುಕಟ್ಟೆಯಲ್ಲಿ ಆ ತಕ್ಕಡಿಯ ಬಗ್ಗೆ ಎರಡನೇ ಮಾತಿಲ್ಲ. ದಂಡ ಬಾಗಿದ ತಕ್ಕಡಿಗೆ ಸಹಿ ಹಾಕಲಿಲ್ಲವೆಂದು ಸ್ವಂತ ಸೋದರಮಾವ ಎರಡು ವರ್ಷ ಮಾತು ಬಿಟ್ಟಿದ್ದ. ಅವಳು ಜಗ್ಗಲಿಲ್ಲ, ಕಡೆಗೆ ಅವನೇ ಹೊಸ ದಂಡ ತಂದ.

ಇಂಥವಳನ್ನೇ ತಪ್ಪಾಗಿ ಅಳೆದರಲ್ಲ, ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಒಂಬತ್ತು ವರ್ಷದ ಹಿಂದೆ ಅವಳ ಬಲಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿಬಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಯಾರೋ ಕೂಗಿ ಹೇಳಬೇಕಾಗುತ್ತಿತ್ತು. ಆಮೇಲೆ ಒಂದು ಕಣ್ಣು ಮಂಜಾಯಿತು, ತಾನೇ ಸರಿಹೋಯಿತು. ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಪೊರೆ ಅಲ್ಲಲ್ಲಿ ಸವೆಯುವ ಕಾಯಿಲೆ, ವೈರಿನ ಮೇಲಿನ ರಬ್ಬರು ಹೋದ ಹಾಗೆ ಎಂದು ವಿವರಿಸಿದರು. ವೈರಿನ ಸಂಗತಿ ಅವಳಿಗೆ ಅರ್ಥವಾಯಿತು. ಅರ್ಥವಾಗಲು ಸಮಯ ಹಿಡಿದದ್ದು ಕಾಯಿಲೆಯ ಸ್ವಭಾವ. ಅದಕ್ಕೆ ಒಂದು ದಿನದಂತೆ ಇನ್ನೊಂದು ದಿನವಿಲ್ಲ. ಸೋಮವಾರ ಗೋಡೆ ಹಿಡಿಯದೆ ನಡೆದವಳು ಬುಧವಾರ ಲೋಟ ಎತ್ತಲಾರಳು. ಒಂದು ದಿನ ಮೈಮರೆತು ದುಡಿದರೆ ಮರುದಿನ ಹಾಸಿಗೆಯೇ ಗತಿ.

ಮನೆ ಇದ್ದದ್ದು ವಸತಿ ಮಂಡಳಿಯ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮಹಡಿಗೆ ಹದಿನೆಂಟರಂತೆ ಐವತ್ತನಾಲ್ಕು ಮೆಟ್ಟಿಲು. ಹತ್ತುವಾಗ ಎಡಗಡೆಯ ಕಂಬಿಯನ್ನು ಎಡಗೈಯಲ್ಲಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ಬಲಗಾಲನ್ನು ಎಳೆದುಕೊಂಡು ಹೋಗುತ್ತಾಳೆ. ಇಳಿಯುವಾಗ ಮುಖ ಮೇಲಕ್ಕೆ ಮಾಡಿ ಅದೇ ಕಂಬಿಯನ್ನು ಅದೇ ಕೈಯಲ್ಲಿ ಹಿಡಿದು ಹಿಂದುಹಿಂದಕ್ಕೆ ಇಳಿಯುತ್ತಾಳೆ. ಇಷ್ಟಾಗಿಯೂ ಎರಡು ವರ್ಷದಲ್ಲಿ ಮೂರು ಸಲ ಬಿದ್ದಿದ್ದಳು. ಮೂರನೇ ಸಲ ಮಣಿಕಟ್ಟು ಮುರಿದು ಆರು ವಾರ ಅಂಗಡಿ ಮುಚ್ಚಿತು. ಇನ್ನೊಂದು ಸಲ ಬಿದ್ದರೆ ಕೆಲಸವನ್ನು ಮರೆತುಬಿಡಿ ಎಂದು ಡಾಕ್ಟರು ಒಂದು ಕೋಲು ಕೊಟ್ಟು ಹೇಳಿದ್ದರು.

ಆದ್ದರಿಂದ ನೆಲಮಹಡಿಯ ಮೂಲೆಮನೆ ಖಾಲಿಯಾದಾಗ ಅವಳು ಅರ್ಜಿ ಹಾಕಿದಳು. ಮೊದಲೆಲ್ಲ ಡಾಕ್ಟರ ಪತ್ರ ಸಾಕಿತ್ತು. ಆ ವರ್ಷ ಮಂಡಳಿ ಹೊಸ ನಿಯಮ ಮಾಡಿತ್ತು. ಪತ್ರ ಯಾರು ಬೇಕಾದರೂ ಬರೆಸಿಕೊಂಡು ಬರುತ್ತಾರೆ, ಅರ್ಜಿದಾರರು ದಿನಕ್ಕೆ ಎಷ್ಟು ನಡೆಯುತ್ತಾರೆಂದು ಯಂತ್ರವೇ ಹೇಳಲಿ ಎಂದು. ಆಸ್ಪತ್ರೆಯಲ್ಲಿ ನರ್ಸು ಅವಳ ಎಡಗೈಗೆ ಗಡಿಯಾರದಂಥ ಒಂದು ಪಟ್ಟಿ ಕಟ್ಟಿದಳು.

"ಇದನ್ನ ಯಾಕೆ ಈ ಕೈಗೆ?" ಎಂದು ಇವಳು ಕೇಳಿದಳು.

"ಎಡಗೈಗೇ ಕಟ್ಬೇಕು ಅಂತ ಬರೆದಿದ್ದಾರೆ ಅಕ್ಕ. ಕೆಲಸ ಮಾಡದ ಕೈ ಅಲ್ವಾ."

"ನಾನು ಎಡಚಿ ಕಣಮ್ಮ."

ನರ್ಸು ಕಾಗದವನ್ನು ಮತ್ತೊಮ್ಮೆ ಓದಿದಳು. ಎಡಚರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಏಳು ದಿನ ಕಟ್ಟಬೇಕೆಂದು ಮಾತ್ರ ಇತ್ತು. ಅದೂ ಆಗುವ ಹಾಗಿರಲಿಲ್ಲ, ಪಟ್ಟಿ ಇದ್ದದ್ದು ನಾಲ್ಕು, ಜನ ಮೂವತ್ತು. ಹಾಗಾಗಿ ಎಲ್ಲರಿಗೂ ಮೂರೇ ದಿನ. "ನೀವು ಏನೂ ಬದಲಾಯಿಸ್ಬೇಡಿ ಅಕ್ಕ, ದಿನಾ ಮಾಡೋದನ್ನೇ ಮಾಡಿ" ಎಂದು ಅವಳು ಹೇಳಿ ಕಳಿಸಿದಳು.

ಸುದ್ದಿ ಕಟ್ಟಡಕ್ಕೆಲ್ಲ ಹಬ್ಬಿತು. ಎರಡನೇ ಮಹಡಿಯ ಅಜ್ಜಿ ಕೈಹಿಡಿದು ಕೂರಿಸಿಕೊಂಡು, "ಮೂರು ದಿನ ಕಾಲು ಚಾಚಿ ಮಲಕ್ಕೊಂಡುಬಿಡು ಮಗಳೇ. ನೀರೂ ಗಂಡನ ಕೈಲೇ ತರಿಸ್ಕೋ. ಮನೆ ತಾನಾಗೇ ಬರುತ್ತೆ" ಎಂದಳು. ಗಂಡನೂ ಅದನ್ನೇ ಹೇಳಿದ. ಅವನು ಬಸ್ ಡ್ರೈವರ್, ಜಗಳವೆಂದರೆ ಆಗದವನು. ಹಾರ್ನ್ ಹೊಡೆಯುವುದಕ್ಕೂ ಹತ್ತು ಸಲ ಯೋಚಿಸುತ್ತಾನೆ ಎಂದು ಅವನ ಕಂಡಕ್ಟರ್ ನಗಾಡುತ್ತಾನೆ. ಏನಾದರೂ ಹೋಗಲಿ ಬಿಡು ಎನ್ನುವುದು ಅವನ ಬಾಯಿಪಾಠ, ಡಿಪೋದಲ್ಲಿ ಅವನ ಹೆಸರೇ ಹೋಗ್ಲಿಬಿಡು.

"ಮಲಗಿದ್ರೆ ಅದು ನನ್ನ ಅಳತೆ ಆಗಲ್ಲ ರೀ" ಎಂದಳು ಅವಳು. "ತಕ್ಕಡಿ ಕೆಳಗೆ ಬೆರಳಿಟ್ಟ ಹಾಗಾಗುತ್ತೆ."

"ಅಜ್ಜಿ ಹೇಳಿದ್ರಲ್ಲಿ ತಪ್ಪೇನಿದೆ? ನಿಂಗೆ ಕಾಲಲ್ಲಿ ಬಲ ಇಲ್ಲದೆ ಇರೋದು ನಿಜ ತಾನೇ?"

"ನಿಜ ಆಗಿದ್ರೆ ಯಂತ್ರಕ್ಕೇ ಗೊತ್ತಾಗುತ್ತೆ ಬಿಡಿ."

ನೋಡಿ, ಇದು ಅವಳು ಮಾಡಿದ ತಪ್ಪು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಮಲಗುತ್ತಿದ್ದರು. ಊರ ತಕ್ಕಡಿಗಳನ್ನೆಲ್ಲ ಶಂಕಿಸುವವಳು ಆಸ್ಪತ್ರೆಯ ಯಂತ್ರವನ್ನು ಮಾತ್ರ ಕಣ್ಣುಮುಚ್ಚಿ ನಂಬಿದಳು. ಗೊತ್ತಿರುವ ಕಲ್ಲನ್ನು ಅದರ ಮೇಲಿಟ್ಟು ನೋಡಲಿಲ್ಲ.

ಅದೂ ಎಂಥ ಮೂರು ದಿನ! ಗುರುವಾರ ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಮುದ್ರೆ ಹಾಕಲು ಬರುವವನಿದ್ದ. ಮಾರುಕಟ್ಟೆಯವರು ಗೋಣಿಚೀಲದಲ್ಲಿ ಕಲ್ಲುಗಳನ್ನು ತಂದು ಸುರಿದಿದ್ದರು, ಇನ್ನೂರಕ್ಕೂ ಮಿಕ್ಕಿ. ಸೋಮವಾರ, ಮಂಗಳವಾರ, ಬುಧವಾರ ಅವಳು ಸ್ಟೂಲು ಬಿಟ್ಟು ಏಳಲಿಲ್ಲ. ಬಲಗೈಯಲ್ಲಿ ಕಲ್ಲು ಹಿಡಿದು ಎಡಗೈಯಲ್ಲಿ ಉಜ್ಜಿದಳು, ತುಕ್ಕು ತೆಗೆದಳು, ಹಿತ್ತಾಳೆಯನ್ನು ಬಟ್ಟೆಯಲ್ಲಿ ತಿಕ್ಕಿ ಬೆಳಗಿದಳು, ಅಂಚಿಗೆ ಅರ ಹಾಕಿದಳು. ಮಧ್ಯಾಹ್ನದ ಊಟವನ್ನೂ ಬೀಗದ ಅಂಗಡಿಯವನೇ ತಂದುಕೊಟ್ಟ. ಬುಧವಾರ ಸಂಜೆ ಪಟ್ಟಿ ಬಿಚ್ಚಿ ನರ್ಸಿನ ಕೈಗೆ ಕೊಟ್ಟ ಮೇಲೆ ಅವಳಿಗೆ ಮನೆಯ ಮೆಟ್ಟಿಲು ಹತ್ತಲು ಮುಕ್ಕಾಲು ಗಂಟೆ ಹಿಡಿಯಿತು. ಗುರುವಾರ ಏಳಲಾಗಲಿಲ್ಲ. ಗಂಡ ರಜೆ ಹಾಕಿ ಅಂಗಡಿಯಲ್ಲಿ ಇನ್ಸ್‌ಪೆಕ್ಟರ ಮುಂದೆ ಕೈಕಟ್ಟಿ ನಿಂತ. ಶುಕ್ರವಾರವೂ ಅವಳು ಏಳಲಿಲ್ಲ. ಶನಿವಾರ ಗೋಡೆ ಹಿಡಿದು ಬಚ್ಚಲಿಗೆ ಹೋದಳು. ಈ ದಿನಗಳನ್ನು ಯಾವ ಯಂತ್ರವೂ ನೋಡಲಿಲ್ಲ, ಅದು ಆಗಲೇ ಇನ್ನೊಬ್ಬರ ಕೈಯಲ್ಲಿತ್ತು.

ಹದಿನೈದು ದಿನಕ್ಕೆ ಮಂಡಳಿಯ ಪತ್ರ ಬಂತು. ಅರ್ಜಿದಾರರು ದಿನಕ್ಕೆ ಸರಾಸರಿ ೯,೮೬೦ ಹೆಜ್ಜೆ ನಡೆಯುತ್ತಿರುವುದು ಮಾಪನದಿಂದ ದೃಢಪಟ್ಟಿದೆ. ಇದು ಆರೋಗ್ಯವಂತ ವ್ಯಕ್ತಿಯ ನಡಿಗೆಗೆ ಸಮನಾಗಿದೆ. ಆದ್ದರಿಂದ ಅರ್ಜಿಯನ್ನು ಪರಿಗಣಿಸಲು ಕಾರಣ ಕಂಡುಬರುವುದಿಲ್ಲ.

ಅವಳು ಪತ್ರವನ್ನು ಎರಡು ಸಲ ಓದಿದಳು. ಆಮೇಲೆ ಗಂಡನ ಕೈಗಿಟ್ಟು ಕೇಳಿದಳು, "ರೀ, ನೀವು ದಿನಕ್ಕೆ ಎಷ್ಟು ನಡೀತೀರಿ?"

"ನಾನಾ? ಡ್ರೈವರ್ ಸೀಟಲ್ಲಿ ಎಷ್ಟು ನಡೆಯೋಕಾಗುತ್ತೆ?"

"ನಾನು ಒಂಬತ್ತು ಸಾವಿರದ ಎಂಟುನೂರ ಅರವತ್ತು ಹೆಜ್ಜೆ ನಡೀತೀನಂತೆ. ಎಲ್ಲಿಗೆ ಹೋಗ್ತೀನಿ ಅಂತ ಕೇಳಿ. ನಂಗೂ ತಿಳೀಬೇಕು."

ಕೇಳುವವರು ಯಾರು, ಹೇಳುವವರು ಯಾರು? ಮೆಟ್ಟಿಲಿನಿಂದ ಬೀಳುತ್ತೇನೆಂದು ಹೆದರುವ ಹೆಂಗಸಿಗೆ ನೀನು ಬೀದಿ ಸುತ್ತುವವಳು ಎಂದು ಮುದ್ರೆಯೊತ್ತಿ ಬರೆದು ಕಳಿಸುವುದು, ಕೆಳಗೆ ತಮ್ಮ ವಿಶ್ವಾಸಿ ಎಂದು ಸಹಿ ಹಾಕುವುದು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ಕಚೇರಿಯಲ್ಲಿ ಒಬ್ಬರಿಗಾದರೂ, ಇಷ್ಟು ನಡೆಯುವವಳಿಗೆ ಡಾಕ್ಟರು ಕೋಲು ಯಾಕೆ ಕೊಟ್ಟರು ಎಂದು ಅನ್ನಿಸಬೇಡವೇ?

ಅವಳ ಪಿತ್ತ ನೆತ್ತಿಗೇರಿತು. ಆದರೆ ಕೋಪದ ಜೊತೆಗೇ ಕಸುಬೂ ಎಚ್ಚೆತ್ತಿತು. ಮರುದಿನ ಆಸ್ಪತ್ರೆಗೆ ಹೋಗಿ ನರ್ಸನ್ನು ಕಂಡಳು. ಯಾರೋ ಒಬ್ಬರು ಬಾರದೆ ಒಂದು ಪಟ್ಟಿ ಖಾಲಿ ಇತ್ತು. "ಮೂರು ದಿನ ಕೊಡಮ್ಮ, ಇದನ್ನ ತೂಗಿ ನೋಡ್ಬೇಕು" ಎಂದಳು. ನರ್ಸಿಗೂ ಒಳಗೊಳಗೇ ಆ ಕಾಗದದ ಮೇಲೆ ಸಿಟ್ಟಿತ್ತೋ ಏನೋ, ರಿಜಿಸ್ಟರಿನಲ್ಲಿ ಬರೆಯದೆ ಕೊಟ್ಟುಬಿಟ್ಟಳು.

ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಬೀಗದ ಅಂಗಡಿಯವನ ಕೈಗೆ ಗಡಿಯಾರ ಕೊಟ್ಟು ಕೂರಿಸಿ, ಅವಳು ಸರಿಯಾಗಿ ಹತ್ತು ನಿಮಿಷ ಒಂದು ಕಲ್ಲನ್ನು ಉಜ್ಜಿದಳು. ಪಟ್ಟಿ ೧,೧೧೨ ಹೆಜ್ಜೆ ಎಂದಿತು. ಸುಧಾರಿಸಿಕೊಂಡು ಮತ್ತೆ ಹತ್ತು ನಿಮಿಷ, ೧,೧೧೮. ಮೂರನೇ ಸಲ ೧,೧೦೯. ಪಾದ ನೆಲದಿಂದ ಎದ್ದೇ ಇರಲಿಲ್ಲ.

"ಪರವಾಗಿಲ್ವೇ, ಒಂದೇ ಥರ ಹೇಳುತ್ತೆ" ಎಂದ ಬೀಗದವನು.

"ಒಂದೇ ಥರ ಸುಳ್ಳು ಹೇಳುತ್ತೆ. ಅಂಥ ತಕ್ಕಡೀನೇ ಜಾಸ್ತಿ ಡೇಂಜರ್. ನೋಡಿದವರಿಗೆ ನಂಬಿಕೆ ಬಂದ್ಬಿಡುತ್ತೆ."

ಮೆಟ್ಟಿಲನ್ನು ಒಂದೇ ದಿನ ಮೂರು ಸಲ ಹತ್ತುವುದು ಅವಳಿಂದಾಗದ ಮಾತು. ಮೂರು ಸಂಜೆ ಹತ್ತಿದಳು. ಐವತ್ತನಾಲ್ಕು ಮೆಟ್ಟಿಲಿಗೆ ಪಟ್ಟಿ ಮೊದಲ ದಿನ ಆರು ಹೆಜ್ಜೆ ತೋರಿಸಿತು, ಎರಡನೇ ದಿನ ಹನ್ನೊಂದು, ಮೂರನೇ ದಿನ ನಾಲ್ಕು. ಕೈ ಕಂಬಿಯ ಮೇಲೆ ಜಾರುತ್ತಿತ್ತೇ ಹೊರತು ಬೀಸುತ್ತಿರಲಿಲ್ಲ. ಬೀಸದ ಕೈಯವರು ನಡೆಯುವುದೇ ಇಲ್ಲವೆಂದು ಯಂತ್ರದ ಲೆಕ್ಕ. ಕೂತು ಮಾಡಿದ ಕೆಲಸವನ್ನೆಲ್ಲ ನಡಿಗೆ ಎಂದು ಎಣಿಸಿ, ಜೀವ ಹಿಂಡಿ ಹತ್ತಿದ್ದನ್ನು ಇಲ್ಲವೇ ಇಲ್ಲ ಎಂದಿತ್ತು. ಅವಳು ತಕ್ಕಡಿಗೆ ಬರೆಯುವ ಚೀಟಿಯಲ್ಲೇ ಇದನ್ನೆಲ್ಲ ಬರೆದಳು, ಕೊನೆಯಲ್ಲಿ ಷರಾ: ಈ ಕೈಪಟ್ಟಿ ನಡಿಗೆ ಅಳೆಯಲು ಯೋಗ್ಯವಲ್ಲ. ಸಹಿ, ಲೈಸೆನ್ಸ್ ನಂಬರು.

ವಸತಿ ಮಂಡಳಿಯ ಅಧಿಕಾರಿ ಸಭ್ಯ ಮನುಷ್ಯ. ಬೈಯುವವನಾಗಿದ್ದರೆ ಒಳ್ಳೆಯದಿತ್ತು, ತಿರುಗಿ ಬೈಯಬಹುದಿತ್ತು. ಅವನು ಕುರ್ಚಿ ತರಿಸಿ ಕೂರಿಸಿದ, ಚೀಟಿಯನ್ನು ಪೂರ್ತಿ ಓದಿದ, ತಲೆದೂಗಿದ.

"ಅಮ್ಮ, ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ. ಆದ್ರೆ ನಾವು ಮನುಷ್ಯರ ಮಾತನ್ನ ನಂಬೋ ಹಾಗಿಲ್ಲ, ಯಂತ್ರದ್ದೇ ನಂಬಬೇಕು."

"ನಾನೂ ಯಂತ್ರದ್ದೇ ತಂದಿದ್ದೀನಿ ಸಾರ್. ನಿಮ್ಮದೇ ಯಂತ್ರ. ಕೂತ್ಕೊಂಡು ಹತ್ತು ನಿಮಿಷಕ್ಕೆ ಸಾವಿರ ಹೆಜ್ಜೆ ನಡೆದಿದ್ದೀನಿ ನೋಡಿ."

"ಇದು ಅಧಿಕೃತ ಅಲ್ವಲ್ಲಮ್ಮ."

"ನಿಮ್ಮ ಮನೆಗೆ ತರಕಾರಿ ತೂಗೋ ತಕ್ಕಡಿಗೆ ಈ ಸಹಿ ಅಧಿಕೃತ ಸಾರ್. ನನ್ನ ಕಾಲಿಗೆ ಯಾಕಾಗಲ್ಲ?"

ಉತ್ತರ ಹೊಳೆಯದಿದ್ದಾಗ ಮೇಲಿನವರಿಗೆ ಕಳಿಸುವುದು ಅಲ್ಲಿಯ ರೂಢಿ, ಚೀಟಿ ಮೇಲಕ್ಕೆ ಹೋಯಿತು. ಮೇಲಿನವರು ಡಾಕ್ಟರನ್ನು ಕೇಳಿದರು. ಡಾಕ್ಟರು ಬಾಯಿತುಂಬ ಬೈದರಂತೆ, ಈ ಕಾಯಿಲೆಯವರನ್ನು ಅಳೆಯುವುದಾದರೆ ತೊಡೆಗೆ ಕಟ್ಟಿ, ಒಂದು ವಾರವಾದರೂ ಕಟ್ಟಿ, ರಜಾದಿನವನ್ನೂ ಸೇರಿಸಿ, ಏಳಲಾಗದ ದಿನವನ್ನು ಬಿಡಬೇಡಿ ಎಂದು. ಹೀಗೆ ಮತ್ತೊಮ್ಮೆ ಅಳೆದರು. ಏಳು ದಿನ ಬಲತೊಡೆಗೆ ಕಟ್ಟಿದ ಪಟ್ಟಿ ಸರಾಸರಿ ೧,೭೪೦ ಹೆಜ್ಜೆ ಎಂದಿತು. ಏಳರಲ್ಲಿ ಎರಡು ದಿನ ಮುನ್ನೂರನ್ನೂ ದಾಟಿರಲಿಲ್ಲ. ಗಂಡ ಆ ಕಾಗದವನ್ನು ಅಜ್ಜಿಗೆ ತೋರಿಸಿಕೊಂಡು ಬಂದ, ಬಹುಮಾನ ಬಂದವನ ಹಾಗೆ. ಇಷ್ಟು ಕಡಿಮೆ ನಡೆಯುತ್ತಾಳೆ ಎಂದು ಹಿಗ್ಗುವ ಗತಿ ಬಂತಲ್ಲ ಎಂದು ಅವಳು ಕೋಪಿಸಿಕೊಂಡಳು, ಆದರೂ ಅಂದು ಅವಳಿಗೂ ಸಂತೋಷವಾಗಿತ್ತು.

ಮೂಲೆಮನೆ ಇನ್ನೂ ಖಾಲಿ ಇತ್ತು. ಸಹಿ ಹಾಕಿ ಬೀಗದಕೈ ಪಡೆಯಿರಿ ಎಂದು ಕರೆ ಬಂತು.

ಕಚೇರಿಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಒಬ್ಬ ದಪ್ಪನೆಯ ಮನುಷ್ಯ ಕೂತಿದ್ದ, ಎರಡು ಕೋಲು ಗೋಡೆಗೆ ಒರಗಿಸಿ. ಬೇಕರಿಯಲ್ಲಿ ಹಿಟ್ಟು ನಾದುವವನು, ಇವಳದೇ ಕಾಯಿಲೆ. ಅವನ ಕೈಯಲ್ಲೂ ಅದೇ ಪತ್ರ.

"ಹನ್ನೆರಡು ಸಾವಿರ ಹೆಜ್ಜೆ ಅಂತೆ ಅಕ್ಕ" ಎಂದ ಅವನು ನಾಚಿಕೊಂಡು, ತಾನೇ ಏನೋ ಕಳ್ಳತನ ಮಾಡಿದವನ ಹಾಗೆ. "ನಾನು ಸ್ಟೂಲ್ ಮೇಲೆ ಕೂತೇ ನಾದೋದು. ಹೆಂಡ್ತೀನೂ ಕೇಳ್ತಾಳೆ, ನಿಜಕ್ಕೂ ಎಲ್ಲಾದ್ರೂ ಹೋಗ್ತೀರಾ ಅಂತ."

ಅಷ್ಟರಲ್ಲಿ ಅವಳನ್ನು ಒಳಗೆ ಕರೆದರು. ಮೇಜಿನ ಮೇಲೆ ಒಪ್ಪಿಗೆ ಪತ್ರ, ಅದರ ಮೇಲೆ ಬೀಗದಕೈ. ಅಧಿಕಾರಿಯ ಮುಖದಲ್ಲಿ ನಗು. ಅವಳು ಓದದೆ ಸಹಿ ಹಾಕುವವಳಲ್ಲ. ಓದಿದಳು.

'ಮೊದಲ ಮಾಪನ ಕ್ರಮಬದ್ಧವಾಗಿದ್ದು ಅದರ ಬಗ್ಗೆ ಅರ್ಜಿದಾರರ ಆಕ್ಷೇಪಣೆ ಇರುವುದಿಲ್ಲ. ತದನಂತರ ಅರ್ಜಿದಾರರ ಆರೋಗ್ಯ ಶೀಘ್ರವಾಗಿ ಹದಗೆಟ್ಟು ದೈನಂದಿನ ನಡಿಗೆಯು ೯,೮೬೦ರಿಂದ ೧,೭೪೦ಕ್ಕೆ ಇಳಿದಿರುವುದರಿಂದ...'

"ಇದೇನು ಸಾರ್? ಎರಡು ತಿಂಗಳಲ್ಲಿ ನನ್ನ ಕಾಲು ಬಿದ್ದುಹೋಯ್ತಾ?"

"ಅದು ಬರೀ ಭಾಷೆ ಅಮ್ಮ. ಮೊದಲನೇದು ತಪ್ಪು ಅಂತ ಬರೆದ್ರೆ ಹಿಂದೆ ಅಳೆದ ಮೂವತ್ತು ಜನರದ್ದೂ ತಿರುಗಿ ನೋಡ್ಬೇಕಾಗುತ್ತೆ."

"ನೋಡಿ."

"ಅದು ನನ್ನ ಕೈಲಿಲ್ಲ. ನಿಮಗೆ ಮನೆ ಸಿಗ್ತಿದೆ ತಾನೇ?"

ಗಂಡ ಹಿಂದಿನಿಂದ ಮೆಲ್ಲಗೆ, "ಹಾಕಿಬಿಡೇ. ಹೋಗ್ಲಿ ಬಿಡು. ಮೆಟ್ಟಿಲು ತಪ್ಪುತ್ತೆ" ಎಂದ.

ಹಾಕಬಹುದಿತ್ತು. ನೀವಾದರೂ ಹಾಕುತ್ತಿದ್ದಿರಿ, ಯಾರೂ ಅವಳನ್ನು ಆಡಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಬೀಗದಕೈಯ ಮೇಲೇ ಇತ್ತು. ಇನ್ನೊಂದು ಸಲ ಬಿದ್ದರೆ ಏನಾಗುತ್ತದೆಂದು ಅವಳಿಗೆ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ಸಹಿ ಬಿದ್ದರೆ ಆ ಪಟ್ಟಿ ಸರಿಯೆಂದು ಲೈಸೆನ್ಸ್ ಇರುವವಳೇ ಹೇಳಿದಂತಾಗುತ್ತದೆ. ಹೊರಗೆ ಬೆಂಚಿನ ಮೇಲಿದ್ದವನು ಹನ್ನೆರಡು ಸಾವಿರ ಹೆಜ್ಜೆ ನಡೆಯುವ ಸುಳ್ಳುಗಾರನಾಗಿ ಉಳಿಯುತ್ತಾನೆ.

ಅವಳು ಪೆನ್ನು ತೆಗೆದುಕೊಂಡು ಆ ಎರಡು ಸಾಲುಗಳ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ, ಮೊದಲ ಮಾಪನ ತಪ್ಪು, ನನ್ನ ನಡಿಗೆ ಎಂದೂ ೯,೮೬೦ ಇರಲಿಲ್ಲ ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದಳು.

ಅಧಿಕಾರಿ ನಿಟ್ಟುಸಿರು ಬಿಟ್ಟ. "ತಿದ್ದಿದ ಫಾರಂ ನಡೆಯಲ್ಲ ಅಮ್ಮ. ಹೊಸದಾಗಿ ಅರ್ಜಿ ಹಾಕ್ಬೇಕು, ಅದು ಮುಂದಿನ ಲಿಸ್ಟಿಗೆ ಹೋಗುತ್ತೆ. ಮೂಲೆಮನೆ ಇವತ್ತೇ ಇನ್ನೊಬ್ಬರಿಗೆ ಹೋಗುತ್ತೆ. ಯೋಚನೆ ಮಾಡಿ."

"ಮಾಡೇ ಬರೆದಿರೋದು ಸಾರ್. ಹೊಸ ಫಾರಂ ಕೊಡಿ."

ಬೀಗದಕೈ ಡ್ರಾಯರಿನೊಳಕ್ಕೆ ಹೋಯಿತು. ಎಷ್ಟು ಸುಲಭ! ತಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆಂದು ಒಂದು ಇಡೀ ಮನೆಯನ್ನೇ ಅವಳ ಕೈತಪ್ಪಿಸಿದರು. ನಾಚಿಕೆ ಪಡಬೇಕಾದವರು ಮೇಜಿನ ಆ ಕಡೆ ನಗುತ್ತ ಕೂತಿದ್ದರು, ನಾಚಿಕೆ ಪಟ್ಟವನು ಹೊರಗೆ ಬೆಂಚಿನ ಮೇಲಿದ್ದ. ಅವಳು ಹೊರಗೆ ಬಂದು ತನ್ನ ತಪಾಸಣೆ ಚೀಟಿಯ ನಕಲನ್ನು ಅವನ ಕೈಗಿಟ್ಟು, ಹತ್ತು ನಿಮಿಷ ನಾದಿ ಹೇಗೆ ಎಣಿಸಬೇಕು, ಯಾಕೆ ಮೂರು ಸಲ ಮಾಡಬೇಕು ಎಂದು ನಿಂತೇ ವಿವರಿಸಿದಳು. ನಿಂತದ್ದು ಅವಳ ಕಾಲಿಗೆ ಜಾಸ್ತಿಯಾಯಿತು.

ಆ ಸಂಜೆ ಐವತ್ತನಾಲ್ಕು ಮೆಟ್ಟಿಲಿಗೆ ಒಂದು ಗಂಟೆಯ ಮೇಲೆ ಹಿಡಿಯಿತು. ಗಂಡ ಒಂದು ಮೆಟ್ಟಿಲು ಕೆಳಗೆ ನಿಂತು, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡೇ ಹತ್ತಿದ. ಹೋಗಲಿ ಬಿಡು ಎಂದು ಅವನು ಅನ್ನಲಿಲ್ಲ. ಮನೆ ಸೇರಿ ಹಾಸಿಗೆಯ ಮೇಲೆ ಅವಳ ಕಾಲುಗಳನ್ನು ಎತ್ತಿಟ್ಟು, ಹೊಸ ಫಾರಂ ಬಿಡಿಸಿ ಪಕ್ಕದಲ್ಲಿ ಕೂತ.

"ನಾಳೆ ಎದ್ದೇಳೋಕಾಗುತ್ತಾ?"

"ನಾಳೆ ಆಗಲ್ಲ. ನಾಳಿದ್ದೂ ಕಷ್ಟ" ಎಂದಳು ಅವಳು, ಕಣ್ಣು ಮುಚ್ಚಿಯೇ. "ಅದನ್ನ ಮೊದಲು ಬರೀರಿ."